ಅಪ್ಪನ ಕೀಮೋ, ಅಪ್ಪನ ಆಪರೇಷನ್, ನನ್ನ ಲೆಕ್ಕದ ಪುಸ್ತಕ

ಅಪ್ಪನಿಗೆ ಬಾಯಿ ಕ್ಯಾನ್ಸರ್. ಬರುವ ಮಂಗಳವಾರ ಆಪರೇಷನ್. ಎಡಗೆನ್ನೆಯ ಒಳಗಿನ ಗಡ್ಡೆ, ಅದು ತಾಗಿದ ದವಡೆ ಎಲುಬಿನ ಒಂದು ತುಂಡು, ಕುತ್ತಿಗೆಯ ಎಡಬದಿಯ ಗಂಟುಗಳು. ಇಷ್ಟನ್ನು ತೆಗೆಯುತ್ತಾರೆ. ಗಡ್ಡೆ ದೊಡ್ಡದಿತ್ತು ಅಂತ ಮೊದಲು ಮೂರು ಕೀಮೋ ಕೊಟ್ಟು ಕುಗ್ಗಿಸಿದ್ದಾರೆ. ಜೂನ್‌ನಲ್ಲಿ ಶುರುವಾಗಿದ್ದು ಆಗಸ್ಟ್‌ಗೆ ಮುಗಿಯಿತು. ಈಗ ಚೌತಿಯೂ ಕಳೆಯಿತು. ಬ್ಯಾಗು ತುಂಬುತ್ತಾ ಇದ್ದೇನೆ, ನಡುನಡುವೆ ಇದನ್ನು ಬರೆಯುತ್ತಿದ್ದೇನೆ.

ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಅಪ್ಪ, ಆಯಿ (ನನ್ನ ಅಮ್ಮ) ಇರುವುದು ಪೇಟೆಯಿಂದ 28 ಕಿಲೋಮೀಟರ್ ಒಳಗೆ, ತೋಟದ ಮನೆಯಲ್ಲಿ. ತಮ್ಮ ಬೆಂಗಳೂರಲ್ಲಿ. ನಮ್ಮ ಕಡೆ ಸುಮಾರು ಮನೆಗಳ ಕಥೆ ಹೀಗೇ ಅಲ್ವಾ?

ಸುದ್ದಿ ಗೊತ್ತಾಗಿ ಫೋನ್ ಮಾಡಿದವರೆಲ್ಲ "ಅಪ್ಪನಿಗೆ ಧೈರ್ಯ ತುಂಬು" ಅಂದರು. ಚೀಲಕ್ಕೆ ಅಡಿಕೆ ತುಂಬಿದ ಹಾಗೆ ತುಂಬುವುದಾ ಅದನ್ನು? ಎರಡು ದಿನ ಪ್ರಯತ್ನ ಮಾಡಿದೆ. ಅಪ್ಪ ಸುಮ್ನೆ ನನ್ನ ಮುಖ ನೋಡಿದ, ಎದ್ದು ಕೊಟ್ಟಿಗೆಗೆ ಹೋದ. ಆಮೇಲೆ ಬಿಟ್ಟೆ. ನನಗೆ ಬರುವುದು ಲೆಕ್ಕ. ಜ್ವರ ಎಷ್ಟು, ತೂಕ ಎಷ್ಟು, ಎಷ್ಟು ಲೋಟ ನೀರು ಹೋಯಿತು, ಯಾವ ಮಾತ್ರೆ ಎಷ್ಟೊತ್ತಿಗೆ. ಅದನ್ನೇ ಮಾಡಿದೆ. ಅಪ್ಪನಿಗೆ ಉಪಯೋಗಕ್ಕೆ ಬಂದಿದ್ದೂ ಅದೇ. ನಿಮ್ಮ ಮನೆಯಲ್ಲೂ ಇಂಥ ದಿನ ಶುರುವಾಗಿದ್ದರೆ ನನ್ನ ಪುಸ್ತಕದಿಂದ ನಿಮಗೂ ಏನಾದರೂ ಸಿಗಬಹುದು.

ಮೊದಲು, ಮುಚ್ಚಿಡಬೇಡಿ

ನಾವು ಮುಚ್ಚಿಟ್ಟೆವು. ಬಯಾಪ್ಸಿ ರಿಪೋರ್ಟು ಬಂದ ದಿನ ನಾನೂ ತಮ್ಮನೂ ಫೋನಲ್ಲೇ ತೀರ್ಮಾನ ಮಾಡಿಕೊಂಡು ಅಪ್ಪನಿಗೆ "ಹುಣ್ಣು ಸ್ವಲ್ಪ ಜೋರಾಗಿದೆ, ಮಣಿಪಾಲಕ್ಕೆ ಹೋಗಿ ತೋರಿಸೋಣ" ಅಂದೆವು. ಆಯಿಗೂ ಅಷ್ಟೇ ಹೇಳಿದ್ದು. ಒಂದು ವಾರ ಮನೆಯಲ್ಲಿ ಎಲ್ಲರೂ ನಾಟಕ ಆಡಿದೆವು. ಮಣಿಪಾಲಕ್ಕೆ ಹೊರಟು ದೇವಿಮನೆ ಘಾಟಿ ಇಳಿಯುವಾಗ ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಯಂಗೆ ಗೊತ್ತಿದ್ದು ತಂಗಿ. ಬಾಯಿ ಯನ್ನದಲ್ದಾ?" ನನಗೆ ಗೊತ್ತಿದೆ ಮಗಳೇ, ಬಾಯಿ ನನ್ನದಲ್ವಾ ಅಂತ.

ಅಲ್ಲಿಂದ ಕುಮಟಾದವರೆಗೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ನಿಮ್ಮ ಅಪ್ಪ, ಅಮ್ಮ ಎಷ್ಟು ತಿಳಿಯಲು ಇಷ್ಟಪಡುತ್ತಾರೆ ಅಂತ ಅವರನ್ನೇ ಕೇಳಿ. "ಡಾಕ್ಟರು ಹೇಳಿದ್ದೆಲ್ಲ ನಿನಗೂ ಹೇಳಲಾ, ಅಥವಾ ನಾನೇ ನೋಡಿಕೊಳ್ಳಲಾ?" ಅಂದರೆ ಸಾಕು. ಕೆಲವರಿಗೆ ಎಲ್ಲ ಬೇಕು, ಕೆಲವರಿಗೆ ಬೇಡ. ಅಪ್ಪನಿಗೆ ಎಲ್ಲ ಬೇಕಿತ್ತು. ಒಂದು ಬಿಟ್ಟು. "ಎಷ್ಟು ವರ್ಷ ಅಂತ ಮಾತ್ರ ಕೇಳಬೇಡ" ಅಂದ. ನಾನು ಕೇಳಲಿಲ್ಲ. ತಮ್ಮ ಕೇಳಿಕೊಂಡಿದ್ದಾನೆ ಅಂತ ನನಗೆ ಅನುಮಾನ.

ಇನ್ನೊಂದು, ಯಾರ ತಪ್ಪು ಅನ್ನುವ ಲೆಕ್ಕ ತೆಗೆಯಬೇಡಿ. ಸಂಕ್ರಾಂತಿ ಹೊತ್ತಿಗೇ ಹುಣ್ಣಿತ್ತು. ಒಬ್ಬ ಡಾಕ್ಟರು ಎರಡು ತಿಂಗಳು ಮುಲಾಮು ಕೊಟ್ಟರು. ಬಾಯಲ್ಲಿ ಹುಣ್ಣು ಮೂರು ವಾರ ದಾಟಿದರೆ ಮುಲಾಮು ಸಾಕು ಅಂತ ಕೂರಬಾರದು, ತುಂಡು ತೆಗೆಸಿ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಬೇಕು. ಇದು ನನಗೂ ಆಗ ಗೊತ್ತಿರಲಿಲ್ಲ. ಇನ್ನು ಕವಳ, ಅಂದರೆ ಎಲೆಅಡಿಕೆ. ಅಪ್ಪ 45 ವರ್ಷದಿಂದ ಹಾಕುತ್ತಿದ್ದ, ತಂಬಾಕು ಸೇರಿಸಿ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆದೇ ಓದಿಸಿದ ಮನೆಯಲ್ಲಿ ಕೂತು ಅದನ್ನು ಓದುವುದು ಸುಲಭ ಅಲ್ಲ. ಆದರೆ ಅಪ್ಪನಿಗೆ ನಾನು ಭಾಷಣ ಮಾಡಲಿಲ್ಲ. ಕವಳದ ಬಟ್ಟಲನ್ನು ಜಗಲಿಯಿಂದ ಎತ್ತಿ ಅಟ್ಟಕ್ಕಿಟ್ಟೆ. ಆಯಿಯೂ ಅದೇ ದಿನ ಬಿಟ್ಟಳು. ಬಂದ ನೆಂಟರಿಗೆ ಕವಳ ಕೊಡದೆ ಕಳಿಸುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಇರಲಿ, ಒಂದು ವರ್ಷ ಮರ್ಯಾದೆ ಇಲ್ಲದೆ ಬದುಕುತ್ತೇವೆ.

ಪುಸ್ತಕ ಹೇಗಿರಬೇಕು

ಇನ್ನೂರು ಪುಟದ, ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ಕು. ಮೊಬೈಲ್‌ನಲ್ಲಿ ಬರೆಯುತ್ತೇನೆ ಅನ್ನಬೇಡಿ. ಜ್ವರ ಬಂದ ರಾತ್ರಿ ಪುಸ್ತಕ ಆಯಿಯ ಕೈಲಿತ್ತು, ನನ್ನ ಮೊಬೈಲು ಶಿರಸಿಯಲ್ಲಿತ್ತು.

ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಹಂತ, ಕೀಮೋ ಔಷಧಿಗಳ ಹೆಸರು, ಕೊಟ್ಟ ತಾರೀಕು, ರಕ್ತದ ಗುಂಪು, ಮೊದಲಿಂದ ತಗೊಳ್ಳುತ್ತಿರುವ ಬಿಪಿ, ಶುಗರ್ ಮಾತ್ರೆ, ಯಾವ ಔಷಧಿ ಆಗುವುದಿಲ್ಲ, ಕ್ಯಾನ್ಸರ್ ವಿಭಾಗದ ಫೋನ್ ನಂಬರು. ಇದನ್ನು ಯಾವ ಡಾಕ್ಟರು ನೋಡಿದರೂ ಅರ್ಧ ನಿಮಿಷದಲ್ಲಿ ಕಥೆ ಗೊತ್ತಾಗಬೇಕು.

ಆಮೇಲೆ ದಿನಕ್ಕೊಂದು ಎಡಪುಟ. ಬೆಳಿಗ್ಗೆ, ಸಂಜೆ ಜ್ವರ ನೋಡಿದ ಅಂಕಿ. ನೀರು ಎಷ್ಟು ಲೋಟ. ತಿಂದಿದ್ದು ಏನು. ವಾಂತಿ ಎಷ್ಟು ಸಲ. ಮಲ ಹೋಯಿತಾ. ನೋವು ಹತ್ತರಲ್ಲಿ ಎಷ್ಟು. ಸೋಮವಾರ ಮಾತ್ರ ತೂಕ. ಬಲಪುಟ ಡಾಕ್ಟರಿಗೆ ಕೇಳುವ ಪ್ರಶ್ನೆಗಳಿಗೆ. ನೆನಪಾದಾಗ ಬರೆಯುವುದು, ಹೋಗುವ ಹಿಂದಿನ ದಿನ ಅದರಲ್ಲಿ ಮೂರನ್ನು ಆರಿಸುವುದು. ಒಪಿಡಿಯಲ್ಲಿ ನಿಮ್ಮ ಹಿಂದೆ ಅರವತ್ತು ಜನ ಕೂತಿರುತ್ತಾರೆ. ಮೂರಕ್ಕಿಂತ ಜಾಸ್ತಿ ಕೇಳಿದರೆ ಮೊದಲನೆಯದರ ಉತ್ತರ ಮರೆತುಹೋಗುತ್ತದೆ.

ಇದರಿಂದ ಆದ ಉಪಯೋಗ ಒಂದು ಹೇಳುತ್ತೇನೆ. ಎರಡನೇ ಕೀಮೋಗೆ ಹೋದಾಗ ಡಾಕ್ಟರು "ಊಟ ಹೇಗೆ?" ಅಂದರು. ಅಪ್ಪ "ಅಡ್ಡಿಲ್ಲ" ಅಂದ. ಅಪ್ಪನಿಗೆ ಎಲ್ಲವೂ ಅಡ್ಡಿಲ್ಲವೇ. ನಾನು ಪುಸ್ತಕ ತಿರುಗಿಸಿ ತೋರಿಸಿದೆ: ಮೂರು ವಾರದಲ್ಲಿ ತೂಕ 61ರಿಂದ 57ಕ್ಕೆ ಬಂದಿತ್ತು. ಅಲ್ಲೇ ವಾಂತಿ ಮಾತ್ರೆ ಬದಲಾಯಿತು, ಡಯಟೀಷಿಯನ್ ಹತ್ತಿರ ಕಳಿಸಿದರು.

ಪುಸ್ತಕದ ಜೊತೆ ಒಂದು ಪ್ಲಾಸ್ಟಿಕ್ ಫೈಲು. ಎಲ್ಲ ರಿಪೋರ್ಟು ತಾರೀಕಿನ ಪ್ರಕಾರ, ಸ್ಕ್ಯಾನಿನ ಸಿಡಿ ಕೂಡ. ಇನ್ನೊಂದು ಕಡೆ ತೋರಿಸುವ ಮನಸ್ಸಿದ್ದರೆ ಬಯಾಪ್ಸಿ ಮಾಡಿದ ಲ್ಯಾಬಿಂದ ಮೇಣದ ಬ್ಲಾಕು ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಬಹುದು. ಮತ್ತೆ ತುಂಡು ತೆಗೆಸುವ ಕಷ್ಟ ಸಾಮಾನ್ಯವಾಗಿ ತಪ್ಪುತ್ತದೆ.

ಫೋನು ನೋಡಿಕೊಳ್ಳುವ ಕೆಲಸ ತಮ್ಮನಿಗೆ ಕೊಟ್ಟೆ. ದಿನಾ ರಾತ್ರಿ ಎಂಟಕ್ಕೆ ನೆಂಟರ ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ. ದೂರ ಇರುವವರಿಗೂ ಒಂದು ಕೆಲಸ ಬೇಕು. ಇಲ್ಲದಿದ್ದರೆ ದಿನಕ್ಕೆ ಆರು ಸಲ ಫೋನ್ ಮಾಡಿ "ಈಗ ಹೇಗಿದ್ದಾರೆ?" ಅನ್ನುತ್ತಾರೆ.

ಕೀಮೋದ ಮೂರು ವಾರ

ಮೂರು ವಾರಕ್ಕೊಮ್ಮೆ ಕೀಮೋ ಅಂದರೆ ಮೂರೂ ವಾರ ಒಂದೇ ಥರ ಇರುವುದಿಲ್ಲ. ಮೊದಲ ನಾಲ್ಕೈದು ದಿನ ವಾಂತಿ, ಸುಸ್ತು. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡುವುದಲ್ಲ, ಬರೆದುಕೊಟ್ಟ ಹೊತ್ತಿಗೆ ಕೊಡಬೇಕು. ಅಪ್ಪನಿಗೆ ಕೊಟ್ಟ ಔಷಧಿಗಳಲ್ಲಿ ಸಿಸ್‌ಪ್ಲಾಟಿನ್ ಇತ್ತು. ಅದು ಕಿಡ್ನಿಗೆ ಭಾರ, ಹಾಗಾಗಿ ನೀರು ಚೆನ್ನಾಗಿ ಕುಡಿಯಬೇಕು ಅಂದಿದ್ದರು. ಕಿವಿಯಲ್ಲಿ ಗುಂಯ್ ಅಂದರೂ ಹೇಳಿ ಅಂದಿದ್ದರು. ಕೇಳಿರದಿದ್ದರೆ ಅಪ್ಪ ಅದನ್ನು ಜೀರುಂಡೆ ಅಂದುಕೊಳ್ಳುತ್ತಿದ್ದ. ಮಳೆಗಾಲ ನೋಡಿ.

ಎರಡನೇ ವಾರದ ಬಗ್ಗೆ ಜಾಸ್ತಿ ಎಚ್ಚರ ಬೇಕು. ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ರಕ್ತದ ಬಿಳಿಕಣ ತುಂಬಾ ಇಳಿಯುತ್ತದೆ. ಆಗ ಮನುಷ್ಯ ನೋಡಲು ಸುಧಾರಿಸಿದ ಹಾಗೇ ಇರುತ್ತಾನೆ. ಅಪ್ಪ ಹತ್ತನೇ ದಿನ ಎದ್ದು ಕೊಟ್ಟಿಗೆ ಗುಡಿಸಲು ಹೊರಟಿದ್ದ! ಸಗಣಿ, ಗೊಬ್ಬರ, ಹಸಿ ಸೊಪ್ಪು, ತೋಟದ ಕೆಸರು, ಶೀತ ಆದವರು, ಜನ ಸೇರುವ ಮದುವೆ ಮನೆ ಎಲ್ಲ ಆ ವಾರ ದೂರ. ಮನೆಗೆ ಬಂದವರು ಕೈ ತೊಳೆದೇ ಒಳಗೆ ಬರಬೇಕು. ಬಾಗಿಲಲ್ಲಿ ಸೋಪು, ನೀರಿನ ಬಕೆಟ್ಟು ಇಟ್ಟಿದ್ದೆವು. ಕೊರೊನಾ ಕಲಿಸಿದ್ದು ಇದೊಂದಕ್ಕಾದರೂ ಬಂತು.

ಜ್ವರದ ಅಂಕಿ ನೆನಪಿಡಿ: 100.4 ಡಿಗ್ರಿ ಫ್ಯಾರನ್‌ಹೀಟ್. ಕೀಮೋ ನಡೆಯುವಾಗ ಅಷ್ಟು ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆಗಲೇ ಫೋನು, ಆಗಲೇ ಆಸ್ಪತ್ರೆ. ಅದಕ್ಕೆ ಮುಂಚೆ ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗಿನ ಸೋಂಕು ಹಾಗೇ ಇರುತ್ತದೆ.

ಎರಡನೇ ಕೀಮೋ ಆಗಿ ಹನ್ನೊಂದನೇ ರಾತ್ರಿ ಅಪ್ಪನಿಗೆ 101. ಕರೆಂಟಿಲ್ಲ. ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ಅಲ್ಲಿ ಮಳೆ. ಆಯಿ ಕೊಡೆ ಹಿಡಿದುಕೊಂಡು ನನಗೆ ಫೋನ್ ಮಾಡಿದಳು. ಜೀಪಿನವನಿಗೆ ಜೂನ್‌ನಲ್ಲೇ ಹೇಳಿಟ್ಟಿದ್ದೆವು, ರಾತ್ರಿ ಎಷ್ಟೊತ್ತಿಗೆ ಕರೆದರೂ ಬರಬೇಕು ಅಂತ. ಬಂದ. ಶಿರಸಿಯ ಆಸ್ಪತ್ರೆಯಲ್ಲಿ ಪುಸ್ತಕದ ಮೊದಲ ಪುಟ ತೋರಿಸಿದೆ. ಮಣಿಪಾಲಕ್ಕೆ ಫೋನ್ ಹಚ್ಚಿ ಡಾಕ್ಟರ ಕೈಗೆ ಕೊಟ್ಟೆ. ರಕ್ತ ತೆಗೆದು, ಆಂಟಿಬಯೋಟಿಕ್ ಶುರು ಮಾಡಿದರು. ನಾಲ್ಕು ದಿನ ಅಲ್ಲೇ ಇದ್ದೆವು. ಹಾಗಾಗಿ ಕೀಮೋ ಶುರುವಾಗುವ ಮೊದಲೇ ಇದಿಷ್ಟು ತೀರ್ಮಾನ ಆಗಿರಲಿ: ರಾತ್ರಿ ಯಾರ ಗಾಡಿ, ಹತ್ತಿರದ ಯಾವ ಆಸ್ಪತ್ರೆ, ಅಲ್ಲಿ ತೋರಿಸಲು ಕ್ಯಾನ್ಸರ್ ಡಾಕ್ಟರ ಒಂದು ಚೀಟಿ. ಮನೆಯಲ್ಲಿ ಎರಡು ಥರ್ಮಾಮೀಟರ್ ಇರಲಿ. ನಮ್ಮದೊಂದು ಅಂದೇ ಬಿದ್ದು ಒಡೆಯಿತು.

ಆಮೇಲೆ ಮೂರನೇ ಸಲ ಬಿಳಿಕಣ ಏರಿಸುವ ಇಂಜೆಕ್ಷನ್ ಬರೆದುಕೊಟ್ಟರು. ಅದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡಲೇಬಾರದು. ಮಳೆಗಾಲದಲ್ಲಿ ನಮ್ಮ ಹಳ್ಳಿಯ ಕರೆಂಟು ನಂಬಿ ಇಡುವುದು ಹೇಗೆ? ಶಿರಸಿಯಲ್ಲಿ ನನ್ನ ಮನೆಯಲ್ಲೇ ಇಟ್ಟು, ಅಪ್ಪನನ್ನೂ ಆ ವಾರ ಅಲ್ಲೇ ಇಟ್ಟುಕೊಂಡೆ. ಮೊದಲೇ ಹಾಗೆ ಮಾಡಬೇಕಿತ್ತು.

ಊಟದ ಮಾತು

ಡಯಟೀಷಿಯನ್ ಹೇಳಿದ ಲೆಕ್ಕ ನನಗೆ ಇಷ್ಟವಾಯಿತು. ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಮ್ ಪ್ರೋಟೀನು. 60 ಕಿಲೋ ಅಂದುಕೊಂಡರೆ ಕಡಿಮೆ ಅಂದರೂ 72 ಗ್ರಾಮ್. ಗಂಜಿ, ಉಪ್ಪಿನಕಾಯಿ ತಿನ್ನುವ ಸಸ್ಯಾಹಾರಿ ಮನೆಯಲ್ಲಿ 72 ಗ್ರಾಮ್ ಎಲ್ಲಿಂದ ತರುವುದು? ಆಯಿಗೂ ನನಗೂ ಇದೇ ದೊಡ್ಡ ಜಗಳ. ಕಾಯಿಲೆ ಬಂದವರಿಗೆ ತೆಳ್ಳಗಿನ ಗಂಜಿ ಕೊಡಬೇಕು ಅನ್ನುವುದು ಅವಳ ತಲೆಯಲ್ಲಿ ಕೂತಿತ್ತು. ಗಂಜಿ ಬೇಡ ಅನ್ನಲಿಲ್ಲ ನಾನು. ಅದರೊಳಗೆ ಹೆಸರುಬೇಳೆ ಹಾಕಿ ಬೇಯಿಸಿ, ಮೇಲೆ ಎರಡು ಚಮಚ ತುಪ್ಪ ಬಿಡು ಅಂದೆ. ರಾಗಿ ಮಣ್ಣಿಯನ್ನು ನೀರಿನ ಬದಲು ಹಾಲಲ್ಲಿ ಮಾಡು ಅಂದೆ. ಶೇಂಗಾ ಹುರಿದು ನುಣ್ಣಗೆ ರುಬ್ಬಿ ಬೆಲ್ಲ ಸೇರಿಸಿ ಹಾಲಿಗೆ ಕದಡಿದರೆ ಅಪ್ಪ ಕುಡಿಯುತ್ತಿದ್ದ. ಪನ್ನೀರು ಮೊದಮೊದಲು ರಬ್ಬರು ಅಂದ. ಮಿಕ್ಸಿಗೆ ಹಾಕಿ ಸಾರಿಗೆ ಸೇರಿಸಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ದಿನಕ್ಕೆ ಮೂರು ಊಟ ಅನ್ನುವುದನ್ನು ಬಿಡಿ. ಎರಡು ತಾಸಿಗೊಮ್ಮೆ ಅರ್ಧ ಲೋಟ, ಅರ್ಧ ಬಟ್ಟಲು. ತಟ್ಟೆ ತುಂಬಾ ಕಂಡರೆ ನೋಡಿಯೇ ಬೇಡ ಅನ್ನುತ್ತಾರೆ.

ಬಾಯಿ ಹುಣ್ಣಾದ ದಿನಗಳಲ್ಲಿ ಖಾರ, ಹುಳಿ, ಬಿಸಿ ಯಾವುದೂ ಆಗುವುದಿಲ್ಲ. ಅಪ್ಪನಿಗೆ ಅಪ್ಪೆಹುಳಿ ಇಲ್ಲದ ಊಟ ಊಟವೇ ಅಲ್ಲ. ಒಂದು ದಿನ ಹಠ ಮಾಡಿ ಎರಡು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡ. ತಂಬುಳಿ ಮಾಡುವುದಾದರೆ ಸೊಪ್ಪನ್ನು ಹಸಿ ರುಬ್ಬಬೇಡಿ, ಬೇಯಿಸಿ ರುಬ್ಬಿ. ಮಜ್ಜಿಗೆ ಹುಳಿ ಇಲ್ಲದ್ದು, ಅವತ್ತಿನದೇ. ಬಾವಿ ನೀರು ಎಷ್ಟೇ ಚೆನ್ನಾಗಿದ್ದರೂ ಕುದಿಸಿಯೇ ಕೊಡಿ. ಬಿಳಿಕಣ ಇಳಿದ ವಾರದಲ್ಲಿ ಕೋಸಂಬರಿ, ಹಸಿ ತರಕಾರಿ ಬೇಡ. ಹಣ್ಣು ಕೊಟ್ಟರೆ ಸಿಪ್ಪೆ ಸುಲಿಯುವಂಥದ್ದು, ತೊಳೆದು ಸುಲಿದು.

ಬಾಯಿ ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ. ಊಟ ಆದ ಮೇಲೆ, ಮಲಗುವ ಮೊದಲು, ನಡುವೆ ನೆನಪಾದಾಗಲೆಲ್ಲ. ನುಂಗುವುದಲ್ಲ, ಉಗುಳುವುದು. ದಿನಾ ಹೊಸದು ಮಾಡಿ. ಮೆದು ಬ್ರಷ್ಷು. ಅಂಗಡಿಯಲ್ಲಿ ಸಿಗುವ ಉರಿಯುವ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರಬಹುದು.

ಚೌತಿಗೆ ಅಕ್ಕಪಕ್ಕದ ಮನೆಯವರು ಸೇರಿ ಕೂತು ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ನಮ್ಮಲ್ಲಿ ಮೊದಲಿಂದ ಇದೆ. ಈ ವರ್ಷ ಬೇಡ ಅಂದುಕೊಂಡಿದ್ದೆವು. ಅಪ್ಪ ಆಗಲೇಬೇಕು ಅಂದ. ಅವನಿಗೆ ತಿನ್ನಲು ಆಗುವುದಿಲ್ಲ, ಬಾಯಿ ಎರಡು ಬೆರಳಷ್ಟೇ ತೆರೆಯುವುದು. ಆದರೂ ಮಣೆ ಹಾಕಿ ಕೂತು ಹದಿನೇಳು ಚಕ್ಕುಲಿ ಸುತ್ತಿದ. ಅದನ್ನೂ ಅಂದಿನ ಎಡಪುಟದಲ್ಲಿ ಬರೆದಿದ್ದೇನೆ.

ದಾರಿ, ದುಡ್ಡು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಕಾಯಿಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಕೂಗುತ್ತಲೇ ಇದ್ದಾರೆ. ಅಲ್ಲಿಯವರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ಕಿದ್ವಾಯಿ, ಕಾರವಾರದವರಿಗೆ ಗೋವಾ. ಎಲ್ಲಿಗೆ ಅನ್ನುವುದನ್ನು ದೊಡ್ಡ ಹೆಸರು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಆಪರೇಷನ್ ಆದ ಮೇಲೆ ರೇಡಿಯೇಷನ್ ಬಂದರೆ ವಾರಕ್ಕೆ ಐದು ದಿನದ ಹಾಗೆ ಆರು ವಾರ ಅಲ್ಲೇ ಇರಬೇಕಾಗಬಹುದು. ಅಷ್ಟು ದಿನ ಯಾರು ಜೊತೆಗಿರುತ್ತಾರೆ, ಎಲ್ಲಿ ಉಳಿಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಮಳೆಗಾಲದಲ್ಲಿ ಘಾಟಿ ನಂಬಬೇಡಿ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿದ್ದು ಎಲ್ಲರಿಗೂ ನೆನಪಿದೆ. ಕೀಮೋದ ಹಿಂದಿನ ದಿನವೇ ಘಾಟಿ ಇಳಿದು ಬಿಡಿ. ನಾವು ಒಂದು ಸಲ ಕುಮಟಾದಲ್ಲಿ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ರೈಲು ಹಿಡಿದೆವು. ಉಡುಪಿ ಸ್ಟೇಷನ್ ಇಂದ್ರಾಳಿಯಲ್ಲಿ, ಮಣಿಪಾಲಕ್ಕೆ ಹತ್ತಿರ. ಕಾರಿನಲ್ಲಿ ನಾಲ್ಕು ತಾಸು ಮೈ ಅಲ್ಲಾಡಿಸಿಕೊಂಡು ಹೋಗುವುದಕ್ಕಿಂತ ಅಪ್ಪನಿಗೆ ರೈಲೇ ಹಿತ ಅನ್ನಿಸಿತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್. ಆಸ್ಪತ್ರೆಯಲ್ಲಿ ರೈಲ್ವೆಯ ಫಾರ್ಮಿಗೆ ಸಹಿ, ಸೀಲು ಹಾಕಿಸಿ ಸ್ಟೇಷನ್ನಿನ ಕೌಂಟರಿನಲ್ಲೇ ಟಿಕೆಟ್ ತೆಗೆಸಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜಿನ 30 ಪರ್ಸೆಂಟ್, ಹೆಚ್ಚೆಂದರೆ 1.5 ಲಕ್ಷ. ಅಡಿಕೆ ತೋಟ ಇದ್ದ ಮಾತ್ರಕ್ಕೆ ನಮಗೆಲ್ಲಿ ಬರುತ್ತದೆ ಅಂತ ಸುಮ್ಮನೆ ಕೂತವರು ನನಗೇ ಗೊತ್ತು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದನ್ನು ಚಿಕಿತ್ಸೆ ಶುರುವಾಗುವ ಮೊದಲೇ ಮಾಡಿಸಿ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಹುಡುಕಿ ಕೊಡಿ. ಸಹಕಾರಿ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ನಿಮ್ಮ ಆಪರೇಷನ್ ಅದರ ಪಟ್ಟಿಯಲ್ಲಿ ಇದೆಯಾ, ಆ ಆಸ್ಪತ್ರೆ ಇದೆಯಾ ಅಂತ ಎರಡನ್ನೂ ಕೇಳಿ. ಬಿಲ್ಲು ಒಂದನ್ನೂ ಬಿಸಾಡಬೇಡಿ.

ಊರವರು, ಔಷಧಿಯವರು

ನೋಡಲು ಬಂದವರು ಹನುಮಫಲ ತಂದರು. ಗೋಮೂತ್ರದ ಬಾಟಲಿ ತಂದರು. ಒಬ್ಬರು ಎಲ್ಲಿಂದಲೋ ಬೇರಿನ ಪುಡಿ ತಂದು "ಕೀಮೋ ಬಿಡಿಸಿ, ಇದೇ ಸಾಕು" ಅಂದರು. ಅವರ ಪ್ರೀತಿ ಸುಳ್ಳಲ್ಲ. ಆದರೆ ಕೀಮೋ ನಡೆಯುವಾಗ ಲಿವರ್, ಕಿಡ್ನಿ ಮೊದಲೇ ಹೊರೆ ಹೊತ್ತಿರುತ್ತವೆ. ಮೇಲಿಂದ ಗೊತ್ತಿಲ್ಲದ್ದು ಹಾಕುವ ಹಾಗಿಲ್ಲ. ಜಗಳ ಆಡದೆ ಎಲ್ಲ ತಗೊಂಡು ಕಪಾಟಿನಲ್ಲಿ ಇಟ್ಟೆ. "ಡಾಕ್ಟರಿಗೆ ತೋರಿಸಿ ಕೊಡುತ್ತೇನೆ" ಅಂದೆ. ನಿಜವಾಗಿಯೂ ತೋರಿಸಿದೆ. ಡಾಕ್ಟರು ಬೇಡ ಅಂದರು. ಅದೂ ಬಲಪುಟದಲ್ಲಿದೆ.

ಅಪ್ಪನ ನಿಜವಾದ ಚಿಂತೆ ಬೇರೆಯೇ ಇತ್ತು. ಜೂನ್, ಜುಲೈ ಅಂದರೆ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಔಷಧಿ ಹೊಡೆಯುವ ಕಾಲ. ಮರ ಹತ್ತಿ ಔಷಧಿ ಹೊಡೆಯುವ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಗುವುದೇ ಕಷ್ಟ, ಮಳೆ ಬಿಡುವು ಕೊಡುವುದು ಅರ್ಧ ದಿನ. ಡ್ರಿಪ್ ಏರಿಸಿಕೊಂಡು ಮಲಗಿದವನು "ಬೋರ್ಡೋ ಎರಡನೇ ಸಲ ಹೊಡೆದರಾ?" ಅಂತ ಕೇಳುತ್ತಿದ್ದ. ನಾನು ಮೊದಲು "ಅದೆಲ್ಲ ಈಗ ಯಾಕೆ?" ಅಂದೆ. ತಪ್ಪು ಮಾಡಿದೆ. ಪಕ್ಕದ ಮನೆಯ ಮಾವನ ಹತ್ತಿರ ಹೇಳಿ ಕೊನೆಗೌಡನನ್ನು ಹಿಡಿಸಿ, ಔಷಧಿ ಹೊಡೆಯುವ ವಿಡಿಯೋ ತರಿಸಿ ಅಪ್ಪನಿಗೆ ತೋರಿಸಿದೆ. ಆ ರಾತ್ರಿ ನಿದ್ದೆ ಮಾತ್ರೆ ಇಲ್ಲದೆ ಮಲಗಿದ. ನಿಮ್ಮ ಅಪ್ಪನಿಗೆ ಅದು ದೋಣಿಯ ಇಂಜಿನ್ ಇರಬಹುದು, ಅಮ್ಮನಿಗೆ ಮಗಳ ಬಾಣಂತನ ಇರಬಹುದು. ಏನು ಅಂತ ಕೇಳಿ, ಅದಕ್ಕೊಂದು ವ್ಯವಸ್ಥೆ ಮಾಡಿ.

ಆಪರೇಷನ್ನಿನ ಮೊದಲು

ಸರ್ಜನ್ ಹತ್ತಿರ ನಾವು ಕೇಳಿದ್ದು: ಎಷ್ಟು ತೆಗೆಯುತ್ತೀರಿ, ಆ ಜಾಗವನ್ನು ಯಾವುದರಿಂದ ಮುಚ್ಚುತ್ತೀರಿ, ಮಾತು ಹೇಗಿರುತ್ತದೆ, ಬಾಯಿಂದ ಊಟ ಯಾವಾಗ. ಅವರು ಹಾಳೆಯ ಮೇಲೆ ಚಿತ್ರ ಬಿಡಿಸಿ ಹೇಳಿದರು. ಎದೆಯ ಕಡೆಯಿಂದ ಮಾಂಸ, ಚರ್ಮ ತಿರುಗಿಸಿ ತಂದು ಕೆನ್ನೆಗೆ ಹೊಲಿಯುತ್ತಾರೆ. ಏಳೆಂಟು ತಾಸು ಹಿಡಿಯಬಹುದು. ಉಸಿರಾಟಕ್ಕೆ ಕೆಲವು ದಿನ ಕುತ್ತಿಗೆಯಲ್ಲಿ ನಳಿಕೆ ಬೇಕಾಗಬಹುದು. ಒಂದೆರಡು ವಾರ ಮೂಗಿನ ನಳಿಕೆಯಿಂದಲೇ ಊಟ. ಕುತ್ತಿಗೆಯ ಗಂಟು ತೆಗೆದ ಮೇಲೆ ಆ ಕಡೆಯ ಭುಜ ಎತ್ತಲು ಕಷ್ಟ, ವ್ಯಾಯಾಮ ಮಾಡಬೇಕು. ಆ ಚಿತ್ರದ ಹಾಳೆಯನ್ನು ಕೇಳಿ ತಂದು ಪುಸ್ತಕಕ್ಕೆ ಅಂಟಿಸಿದೆ. ಅಪ್ಪ ಅದನ್ನು ದಿನಾ ಒಮ್ಮೆ ನೋಡುತ್ತಾನೆ.

ಅರಿವಳಿಕೆ ಡಾಕ್ಟರ ತಪಾಸಣೆಗೆ ಹೋಗುವಾಗ ಎಲ್ಲ ಮಾತ್ರೆಗಳನ್ನು ಚೀಟಿಯಲ್ಲಿ ಬರೆಯುವುದಲ್ಲ, ಮಾತ್ರೆಯ ಸ್ಟ್ರಿಪ್ಪುಗಳನ್ನೇ ತಗೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಹಿಂದೆ ಯಾವುದಾದರೂ ಆಪರೇಷನ್ ಆಗಿದ್ದರೆ ಹೇಳಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ತೋರಿಸಿ. ಮುಂದೆ ರೇಡಿಯೇಷನ್ ಇರುವವರು ಹಲ್ಲಿನ ಡಾಕ್ಟರ ಹತ್ತಿರ ಮೊದಲೇ ಹೋಗಬೇಕು, ಹಾಳಾದ ಹಲ್ಲು ಆಮೇಲೆ ಕೀಳುವುದು ತೊಂದರೆ. ರಕ್ತ ಕೊಡುವವರು ಬೇಕಾಗುತ್ತದಾ ಅಂತ ಕೇಳಿ ಇಬ್ಬರು ಮೂವರಿಗೆ ಹೇಳಿಡಿ. ಎಷ್ಟೊತ್ತಿಂದ ಉಪವಾಸ, ನೀರು ಎಷ್ಟೊತ್ತಿನವರೆಗೆ, ಬೆಳಿಗ್ಗೆಯ ಬಿಪಿ ಮಾತ್ರೆ ಇದೆಯಾ ಅನ್ನುವುದನ್ನು ಬರೆಸಿಕೊಳ್ಳಿ.

ಮನೆಯಲ್ಲಿ ಈ ಮೂರು ವಾರ ಅಪ್ಪನಿಗೆ ಎರಡು ಕೆಲಸ. ಒಂದು, ಮೂರು ಚೆಂಡಿನ ಉಸಿರಾಟದ ಯಂತ್ರ. ಎಳೆದು ಚೆಂಡು ಏರಿಸುವುದು. ಮೊದಲ ದಿನ ಒಂದು ಚೆಂಡು, ಈಗ ಎರಡೂವರೆ. ಎರಡು, ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ. ಇದನ್ನು ಡಾಕ್ಟರು ಕಲಿಸಿದ ಮೇಲೆಯೇ ಮಾಡಿಸಬೇಕು, ಒತ್ತಾಯ ಮಾಡಬಾರದು. ಹನ್ನೆರಡು ಕಡ್ಡಿಯಿಂದ ಹದಿನಾಲ್ಕಕ್ಕೆ ಬಂದಿದ್ದಾನೆ. ಸಂಜೆ ಲೆಕ್ಕ ಕೊಡುವಾಗ ಅಪ್ಪ ಶಾಲೆ ಹುಡುಗನ ಹಾಗೆ ನಿಲ್ಲುತ್ತಾನೆ.

ಆಪರೇಷನ್ ಆದ ಮೇಲೆ ಕೆಲವು ದಿನ ಮಾತಾಡಲು ಆಗುವುದಿಲ್ಲ. ಹಾಗಾಗಿ ಸನ್ನೆಗಳನ್ನು ಈಗಲೇ ಮಾಡಿಕೊಂಡಿದ್ದೇವೆ. ಒಂದು ಬೆರಳು ಅಂದರೆ ನೋವು. ಎರಡು ಅಂದರೆ ಕಫ ತೆಗೆಯಿರಿ. ಅಂಗೈ ತಿರುಗಿಸಿದರೆ ಮಗ್ಗುಲು ಬದಲಿಸಬೇಕು. ಮುಷ್ಟಿ ಅಂದರೆ ಮೂತ್ರ. ಕೈ ಬೀಸಿದರೆ ಎಲ್ಲರೂ ಹೊರಗೆ ಹೋಗಿ! ಇದು ಅಪ್ಪನೇ ಸೇರಿಸಿದ್ದು. ಬರೆಯಲು ಮಕ್ಕಳ ಮ್ಯಾಜಿಕ್ ಸ್ಲೇಟು ತಂದಿದ್ದೇನೆ. ಪಾಟಿ, ಬಳಪ ಬೇಡ ಅಂದರು ನರ್ಸು, ಪುಡಿ ಹಾರಿ ಕುತ್ತಿಗೆಯ ನಳಿಕೆಗೆ ಹೋಗುತ್ತದೆ.

ಒಂದು ಸಂಜೆ ಕೊಟ್ಟಿಗೆಯಿಂದ ಅಪ್ಪ ದನಗಳ ಹೆಸರು ಹಿಡಿದು ಕರೆಯುವುದನ್ನು ದೂರದಲ್ಲಿ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವನಿಗೆ ಹೇಳಿಲ್ಲ.

ಆಯಿಯ ಬಗ್ಗೆಯೂ ಒಂದು ಮಾತು. ರೋಗಿಯ ಪಕ್ಕದಲ್ಲಿ ಇರುವವರಿಗೂ ಪಾಳಿ ಮಾಡಿ. ಮೊದಲ ಮೂರು ರಾತ್ರಿ ತಮ್ಮ, ಆಮೇಲೆ ನಾನು, ಹಗಲು ಆಯಿ. ಅವಳ ಬಿಪಿ ಮಾತ್ರೆಯ ಸ್ಟ್ರಿಪ್ಪೂ ನನ್ನ ಚೀಲದಲ್ಲೇ ಇದೆ. ಕಳೆದ ತಿಂಗಳು ಹತ್ತು ದಿನ ತಗೊಂಡೇ ಇರಲಿಲ್ಲ ಅವಳು.

ಬ್ಯಾಗಿಗೆ ಹಾಕಿದ್ದು: ಫೈಲು, ಆಧಾರ್ ಮತ್ತು ರೇಷನ್ ಕಾರ್ಡಿನ ಎರಡೆರಡು ಪ್ರತಿ, ಮುಂದೆ ಗುಂಡಿ ಇರುವ ನಾಲ್ಕು ಅಂಗಿ (ತಲೆ ಮೇಲಿಂದ ಹಾಕುವ ಬನೀನು ನಡೆಯುವುದಿಲ್ಲ), ಮೆದು ಪಂಚೆ, ಎರಡು ಹಳೆಯ ಟವೆಲು, ಉದ್ದ ವೈರಿನ ಚಾರ್ಜರ್, ಒಂದು ಚಾಪೆ, ಕನ್ನಡಕ, ಮ್ಯಾಜಿಕ್ ಸ್ಲೇಟು, ಮೂರು ಚೆಂಡಿನ ಯಂತ್ರ. ಉಂಗುರ, ಜನಿವಾರದ ಬಗ್ಗೆ ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಂಡರೆ ಅಲ್ಲಿ ಗಡಿಬಿಡಿ ಆಗುವುದಿಲ್ಲ. ಕನ್ನಡಿ ಬೇಡ ಅಂದಿದ್ದೆ. ಅಪ್ಪ ತಾನೇ ತಂದು ಹಾಕಿದ.

ಕೊನೆಗೆ ಪುಸ್ತಕ ಹಾಕಲು ಹೋದರೆ ಅದು ಇರಲಿಲ್ಲ. ಹುಡುಕಿದೆ. ಜಗಲಿಯಲ್ಲಿ ಅಪ್ಪನ ಕೈಲಿತ್ತು. ಬಲಪುಟದಲ್ಲಿ ನನ್ನ ಮೂರು ಪ್ರಶ್ನೆಗಳ ಕೆಳಗೆ ಅವನ ಓರೆ ಅಕ್ಷರದಲ್ಲಿ ನಾಲ್ಕನೆಯದು ಇತ್ತು: "ಕೊನೆಕೊಯ್ಲಿನ ಹೊತ್ತಿಗೆ ಮನೆಗೆ ಬಂದಿರುತ್ತೇನೆಯೇ? ಆಳುಗಳಿಗೆ ಹೇಳಬೇಕು."